ಮಾವೆರಿಕ್ಸ್ ಪುಸ್ತಿಕೆ: 14ನೇ ಪುಟಕ್ಕೆ ಬಂದಿದ್ದೇನೆ

ಈ ವಾರ ಮೂರು ಪುಟ ಮುಗಿದವು. ಒಟ್ಟು 16 ಪುಟ, ಈಗ 14ರಲ್ಲಿದ್ದೇನೆ. ಹೊಸದಾಗಿ ಓದುತ್ತಿರುವವರಿಗೆ ಹೇಳುತ್ತೇನೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 1973ರಿಂದ 1977ರವರೆಗೆ ಐದೇ ಸೀಸನ್ ಆಡಿದ ಬೇಸ್‌ಬಾಲ್ ತಂಡ ಮಾವೆರಿಕ್ಸ್. ಅದರ ಕಥೆಯನ್ನು ಕನ್ನಡದಲ್ಲಿ ಬರೆದು, ಚಿತ್ರ ಬಿಡಿಸಿ, ಕೈಯಲ್ಲೇ ಹೊಲಿದು ಪುಸ್ತಿಕೆ ಮಾಡುತ್ತಿದ್ದೇನೆ.

ಮೊದಲು 4ನೇ ಪುಟ ಹರಿದು ಮತ್ತೆ ಬರೆದೆ. ಸ್ವತಂತ್ರ ತಂಡ ಅಂದರೇನು ಅಂತ ಅಲ್ಲಿ ಗೊತ್ತಾಗದಿದ್ದರೆ ಮುಂದಿನದು ಯಾವುದೂ ತಲೆಗೆ ಹತ್ತುವುದಿಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಸಣ್ಣ ಲೀಗ್‌ನ ತಂಡಗಳ ಹಿಂದೆ ಸಾಮಾನ್ಯವಾಗಿ ದೊಡ್ಡ ಲೀಗ್‌ನ ಒಂದು ತಂಡ ಇರುತ್ತದೆ. ಆಟಗಾರರನ್ನು ಕಳಿಸುವುದು, ಸಂಬಳ ಕೊಡುವುದು, ಬೇಡವಾದರೆ ಕೈಬಿಡುವುದು ಎಲ್ಲ ಅವರದೇ. ಪೋರ್ಟ್‌ಲ್ಯಾಂಡ್‌ನ ಹಳೆಯ ತಂಡ ಬೀವರ್ಸ್ 1972ರ ಸೀಸನ್ ಮುಗಿದ ಮೇಲೆ ಸ್ಪೋಕೇನ್‌ಗೆ ಹೊರಟುಹೋಯಿತು. ಖಾಲಿ ಬಿದ್ದ ಊರಿಗೆ ನಟ ಬಿಂಗ್ ರಸೆಲ್ ಬಂದರು. 500 ಡಾಲರ್ ಕೊಟ್ಟು ಅಲ್ಲಿ ತಂಡ ನಡೆಸುವ ಹಕ್ಕು ಪಡೆದರು. ಅದೇ ಮಾವೆರಿಕ್ಸ್. ಹಿಂದೆ ಯಾವ ದೊಡ್ಡ ತಂಡವೂ ಇಲ್ಲ. ಯಾರು ಬೇಕಾದರೂ ಬಂದು ಆಡಿ ತೋರಿಸಿ ಅಂದರು! ಬೇರೆಯವರು ಬೇಡ ಅಂದವರೆಲ್ಲ ಬಂದರು. ಬಿಂಗ್ ಅವರ ಮಗ, ನಟ ಕರ್ಟ್ ರಸೆಲ್ ಕೂಡ ಆಡಿದರು. ಮೊದಲ ಪಂದ್ಯದಲ್ಲೇ ಎದುರಾಳಿಗೆ ಒಂದೂ ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ತಲುಪುವುದು, ಸಿಗಲಿಲ್ಲ.

ಈ ವಾರ ಜಾಸ್ತಿ ಹೊತ್ತು ಹಿಡಿದಿದ್ದು ಪೊರಕೆಯ ಚಿತ್ರ. ಒಂದು ಸರಣಿಯ ಪಂದ್ಯಗಳನ್ನೆಲ್ಲ ಗೆದ್ದರೆ ಬೇಸ್‌ಬಾಲ್‌ನಲ್ಲಿ ಸ್ವೀಪ್ ಅನ್ನುತ್ತಾರೆ. ಗುಡಿಸಿ ಹಾಕಿದರು ಅಂತ ನಾವೂ ಹೇಳುತ್ತೇವಲ್ವಾ, ಹಾಗೇ. ಮಾವೆರಿಕ್ಸ್‌ನ ಜೋ ಗಾರ್ಜಾ ಅದಕ್ಕೆ ನಿಜವಾದ ಪೊರಕೆಯನ್ನೇ ಹಿಡಿದು ಬೀಸುತ್ತಿದ್ದರು. ಪೆನ್ಸಿಲ್ ಹಿಡಿದಾಗ ನನ್ನ ಕೈ ತಾನಾಗಿ ತೆಂಗಿನ ಕಡ್ಡಿ ಪೊರಕೆಯನ್ನೇ ಬಿಡಿಸಿತು. ಅಲ್ಲಿಯದು ಉದ್ದ ಹಿಡಿಯದು, ತುದಿಯಲ್ಲಿ ಒಣಹುಲ್ಲು ಚಪ್ಪಟೆಯಾಗಿ ಹೊಲಿದಿರುತ್ತದೆ. ಅಳಿಸಿ, ಹಿಡಿಯನ್ನು ಪುಟದ ಅಂಚು ದಾಟುವಷ್ಟು ಉದ್ದ ಮಾಡಿದೆ. ಈಗ ಬೀಸಿದ ಹಾಗೆ ಕಾಣುತ್ತದೆ. ನನಗೆ ತುಂಬಾ ಇಷ್ಟವಾದ ಪುಟ ಇದು.

ಜಿಮ್ ಬೌಟನ್‌ಗೆ ಒಂದೇ ಪುಟ ಸಾಲಲಿಲ್ಲ. 1964ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ದೊಡ್ಡ ಲೀಗ್‌ನ ಫೈನಲ್ ಸರಣಿಯಲ್ಲಿ, ನ್ಯೂಯಾರ್ಕ್‌ನ ಯಾಂಕೀಸ್ ತಂಡಕ್ಕೆ ಎರಡು ಪಂದ್ಯ ಗೆದ್ದುಕೊಟ್ಟ ಪಿಚರ್, ಅಂದರೆ ಚೆಂಡು ಎಸೆಯುವವರು. ಆಟದ ಒಳಗಿನ ಮಾತು ಪುಸ್ತಕದಲ್ಲಿ ಬರೆದರು ಅಂತ ಆ ಜಗತ್ತು ಅವರನ್ನು ದೂರ ಇಟ್ಟಿತ್ತು. ಮಾವೆರಿಕ್ಸ್ ಕರೆದು ಚೆಂಡು ಕೊಟ್ಟಿತು. 1978ರಲ್ಲಿ, 39ರ ವಯಸ್ಸಿನಲ್ಲಿ, ಅಟ್ಲಾಂಟಾ ಬ್ರೇವ್ಸ್ ಪರ ಮತ್ತೆ ದೊಡ್ಡ ಲೀಗ್‌ನಲ್ಲಿ ಆಡಿ ಒಂದು ಪಂದ್ಯ ಗೆದ್ದರು. ಆ ಒಂದು ಗೆಲುವನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಅದರ ಪಕ್ಕದಲ್ಲೇ ಬಬಲ್ ಗಮ್. ಆಟಗಾರರು ತಂಬಾಕು ಜಗಿದು ಉಗುಳುವ ಕಾಲ ಅದು. ಅದರ ಬದಲು ಎಳೆ ಎಳೆಯಾಗಿ ಕತ್ತರಿಸಿದ ಗಮ್ ಚೀಲದಲ್ಲಿ ತುಂಬಿ ಮಾರಿದರೆ ಹೇಗೆ ಅಂತ ಸಹ ಪಿಚರ್ ರಾಬ್ ನೆಲ್ಸನ್ ಬೌಟನ್ ಹತ್ತಿರ ಹೇಳಿದರು. 1980ರಲ್ಲಿ ಅದು ಬಿಗ್ ಲೀಗ್ ಚ್ಯೂ ಹೆಸರಲ್ಲಿ ಅಂಗಡಿಗೆ ಬಂತು.

ಈಗ 14ನೇ ಪುಟ, ಕೊನೆಯ ವರ್ಷ. 1977ರಲ್ಲಿ 44 ಗೆದ್ದು 22 ಸೋತರು, ಆದರೆ ಪ್ರಶಸ್ತಿಗಾಗಿ ನಡೆಯುವ ಕೊನೆಯ ಪಂದ್ಯಗಳಲ್ಲಿ (ಪ್ಲೇಆಫ್) ಬೆಲ್ಲಿಂಗ್‌ಹ್ಯಾಮ್ ತಂಡದ ಎದುರು ಸೋತರು. ಒಂದು ಸಲವೂ ಚಾಂಪಿಯನ್ ಆಗಲಿಲ್ಲ. ಆದರೂ ಆಟ ನೋಡಲು ತುಂಬಾ ಜನ ಬರುತ್ತಿದ್ದರು. ಅದನ್ನು ಕಂಡ ಮೇಲೆ, ಹಿಂದೆ ಬೀವರ್ಸ್ ಆಡುತ್ತಿದ್ದ ಪೆಸಿಫಿಕ್ ಕೋಸ್ಟ್ ಲೀಗ್‌ಗೆ ಊರು ವಾಪಸ್ ಬೇಕಾಯಿತು. ರಸೆಲ್ ಊರಿನ ಹಕ್ಕು ಬಿಟ್ಟುಕೊಡಲು ಲೀಗ್ ಕೊಡಲು ಬಂದಿದ್ದು 26,000 ಡಾಲರ್. ರಸೆಲ್ 2,06,000 ಕೇಳಿದರು. ಮಧ್ಯಸ್ಥಿಕೆಯಲ್ಲಿ ಅಷ್ಟೂ ಅವರಿಗೇ ಸಿಕ್ಕಿತು. ತಂಡ ಮಾತ್ರ ಹೋಯಿತು. ದುಡ್ಡಿನ ಗೆಲುವನ್ನು ಎಲ್ಲರೂ ದೊಡ್ಡದಾಗಿ ಹೇಳುತ್ತಾರೆ. ಊರಿನವರಿಗೆ ಅದರಲ್ಲಿ ಸಿಕ್ಕಿದ್ದೇನು ಅಂತ ನನಗೆ ಬೇಜಾರು. ಅದಕ್ಕೇ ಎರಡು ಅಂಕಿಗಳನ್ನೂ ಸಣ್ಣದಾಗಿ ಮೂಲೆಯಲ್ಲಿ ಬರೆದು, ನಡುವೆ ಪೂರ್ತಿ ಪ್ರೇಕ್ಷಕರನ್ನೇ ಬಿಡಿಸುತ್ತಿದ್ದೇನೆ. ಇವತ್ತಿಗೆ ಮೂರು ಸಾಲು ಮುಖ ಆಗಿದೆ. ಇನ್ನೂ ಐದು ಸಾಲು ಬಾಕಿ.