ಧ್ಯಾನ ಮಾಡಿಸಿದರೆ ಹುಡುಗರ ರಿಯಾಕ್ಷನ್ ಚುರುಕಾಗುತ್ತಾ?

ವಾರಾಂತ್ಯಕ್ಕೆ ಮಕ್ಕಳನ್ನು ಫುಟ್‌ಬಾಲ್ ಆಡಿಸಲು ಟರ್ಫ್‌ಗೆ ಕರೆತರುವ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಇದು. ಉತ್ತರ: ನರಗಳ ವೇಗ ಹೆಚ್ಚುವುದಿಲ್ಲ. ಮೈಮರೆತು ತಡಮಾಡುವುದು ಕಡಿಮೆಯಾಗಬಹುದು.

ದೀಪ ಹತ್ತಿದ ಕೂಡಲೇ ಗುಂಡಿ ಒತ್ತಲು ಹದಿಹರೆಯದ ಆರೋಗ್ಯವಂತ ಹುಡುಗರಿಗೆ ಸುಮಾರು 0.2ರಿಂದ 0.25 ಸೆಕೆಂಡು ಬೇಕು. ಅದರಲ್ಲಿ ಉಳಿತಾಯಕ್ಕೆ ಜಾಗ ಕಮ್ಮಿ. ಆದರೆ ಆಟದಲ್ಲಿ ಪಾಸ್ ಕೊಡಲೋ, ತಿರುಗಲೋ, ಶಾಟ್ ಹೊಡೆಯಲೋ ಎಂಬ ಆಯ್ಕೆ ಇರುತ್ತದೆ. ಆಯ್ಕೆ ಹೆಚ್ಚಿದಷ್ಟೂ ಸಮಯ ಹಿಗ್ಗುತ್ತದೆಂದು ಬ್ರಿಟಿಷ್ ಮನೋವಿಜ್ಞಾನಿ ಹಿಕ್ 1952ರಲ್ಲೇ ತೋರಿಸಿದ. ಅದರ ಮೇಲೆ, ಐದು ನಿಮಿಷದ ಹಿಂದೆ ಕೈತಪ್ಪಿದ ಗೋಲು ತಲೆಯಲ್ಲಿ ಕೂತಿದ್ದರೆ ಕಥೆ ಮುಗೀತು. ನಾಲ್ಕು ಸಲ ಚೆನ್ನಾಗಿ ಆಡಿದವನು ಐದನೇ ಸಲ ಕಲ್ಲಿನಂತೆ ನಿಂತಿರುತ್ತಾನೆ. ಧ್ಯಾನದಿಂದ ಫಲ ಸಿಕ್ಕರೆ ಆ ಐದನೇ ಸಲಕ್ಕೆ.

ಅಳೆಯಲು 30 ಸೆಂ.ಮೀ. ಸ್ಕೇಲು ಸಾಕು. ನೀವು ಮೇಲ್ತುದಿ ಹಿಡಿದು ಅದನ್ನು ನೇತಾಡಿಸಿ, ಸೊನ್ನೆಯ ತುದಿ ಕೆಳಗಿರಲಿ. ಹುಡುಗ ಹೆಬ್ಬೆರಳು, ತೋರುಬೆರಳನ್ನು ಎರಡು ಸೆಂ.ಮೀ. ಅಗಲಿಸಿ ಸೊನ್ನೆಯ ಪಕ್ಕ ಹಿಡಿಯಲಿ. ನೀವು ಹೇಳದೆ ಕೇಳದೆ ಬಿಡಿ. 15 ಸೆಂ.ಮೀ.ಗೆ ಹಿಡಿದರೆ 0.175 ಸೆಕೆಂಡು, 20ಕ್ಕೆ 0.20, 25ಕ್ಕೆ 0.226. ಹದಿಮೂರು ಸಲ ಬಿಟ್ಟು, ಕೈ ಪಳಗಲೆಂದು ಮೊದಲ ಮೂರನ್ನು ಲೆಕ್ಕದಿಂದ ತೆಗೆಯಿರಿ. ಬಹಳ ಮಂದಿ ಎಡವುವುದು ಬಿಡುವ ಲಯದಲ್ಲಿ: ಒಂದು, ಎರಡು, ಮೂರು ಅಂತ ಒಂದೇ ತಾಳಕ್ಕೆ ಬಿಟ್ಟರೆ ಹುಡುಗ ಊಹಿಸಿಬಿಡುತ್ತಾನೆ. ಕಾಯುವ ಹೊತ್ತು ಒಂದರಿಂದ ಐದು ಸೆಕೆಂಡಿನೊಳಗೆ ಬದಲಾಗುತ್ತಿರಲಿ. 5 ಸೆಂ.ಮೀ.ಗಿಂತ ಮೊದಲೇ ಹಿಡಿದರೆ ಅದು ಊಹೆಯೇ, ಅಂದರೆ 0.1 ಸೆಕೆಂಡಿಗೂ ಕಮ್ಮಿ. ಓಟದ ಸ್ಪರ್ಧೆಯಲ್ಲೂ ಅವಸರದ ಆರಂಭ, ಅಂದರೆ ಫಾಲ್ಸ್ ಸ್ಟಾರ್ಟ್‌ನ ಗೆರೆ ಅದೇ. ಆದರೆ ಸ್ಕೇಲು ಪೂರ್ತಿ ಜಾರಿಹೋದರೆ ಅದನ್ನು ತಪ್ಪದೆ ಬರೆದಿಡಿ. ನಾವು ಹುಡುಕುತ್ತಿರುವುದೇ ಅದನ್ನು. ಸರಾಸರಿಗಿಂತ ಹತ್ತರಲ್ಲಿ ಅತಿ ಕೆಟ್ಟ ಎರಡನ್ನು ನೋಡಿ.

ಅಭ್ಯಾಸ ಸರಳ. ದಿನಕ್ಕೆ ಹತ್ತು ನಿಮಿಷ, ಬೆನ್ನು ನೆಟ್ಟಗೆ ಕೂತು, ಹೊರಬಿಡುವ ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸುವುದು. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ. ತಪ್ಪಿದ್ದು ಗೊತ್ತಾಗುವುದೇ ಅಭ್ಯಾಸ, ಹಾಗಾಗಿ "ಗಮನ ಕೊಡೋ" ಎಂದು ಗದರಬೇಡಿ. ಮೈದಾನದಲ್ಲಿ ಇದರ ರೂಪ ಇನ್ನೂ ಪುಟ್ಟದು: ಚೆಂಡು ಥ್ರೋ-ಇನ್‌ಗೆ ಹೋದಾಗ ಒಂದು ದೀರ್ಘ ಉಸಿರು ಬಿಟ್ಟು, ಅಂಗಾಲು ನೆಲಕ್ಕೆ ತಾಗಿರುವುದನ್ನು ಗಮನಿಸಿ, ಎರಡೂ ಭುಜದಾಚೆ ಒಮ್ಮೆ ಕಣ್ಣಾಡಿಸುವುದು.

ಮ್ಯಾಚ್‌ಗೆ ಮುಂಚೆ ಮಲಗಿಸಿ ಕಣ್ಮುಚ್ಚಿಸುವವರಿದ್ದಾರೆ. ಬೇಡ, ಮೈ ಜಡವಾಗುತ್ತದೆ. ಆ ಹೊತ್ತು ವಾರ್ಮ್-ಅಪ್‌ಗೆ. ಇನ್ನು ನಡುರಾತ್ರಿವರೆಗೆ ಮೊಬೈಲ್ ನೋಡುವ ಹುಡುಗನಿಗೆ ಮೊದಲು ನಿದ್ದೆ ಸರಿಮಾಡಿ. ನಿದ್ದೆಗೆಟ್ಟ ದಿನ ಸ್ಕೇಲು ಹೆಚ್ಚು ಜಾರುತ್ತದೆ. ಆರು ವಾರದ ಮೇಲೆ ಅದೇ ಕೈ, ಅದೇ ಹೊತ್ತು, ಅದೇ ಸ್ಕೇಲಿನಲ್ಲಿ ಮತ್ತೆ ಅಳೆಯಿರಿ.