ಗಿಳಿಹಸಿರು

ನೀರು ಪರೀಕ್ಷಿಸುವ ನಮ್ಮ ಲ್ಯಾಬಿನಲ್ಲಿ, ಅಂಕೆ ಬರೆದ ಗಾಜಿನ ಕೊಳವೆ ಬ್ಯುರೆಟ್ಟಿನ ಅಂಕೆಯ ಕೆಳಗಿನ ಅರ್ಧ ಮಂಜಾಗಿದ್ದು ಒಂದು ಮಂಗಳವಾರ. ಬೆಳಿಗ್ಗೆ ಮಂಗಳೂರಿನ ತಣ್ಣೀರುಬಾವಿ ಕಡಲಿನಿಂದ ತಂದ ನೀರಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡುತ್ತಿದ್ದೆ. ಈ ಪರೀಕ್ಷೆ ನಿಂತಿರುವುದೇ ಕಣ್ಣಿನ ಮೇಲೆ. ಸ್ಟಾರ್ಚ್ ಹಾಕಿದಾಗ ನೀರು ನೀಲಿಯಾಗುತ್ತದೆ. ಬ್ಯುರೆಟ್ಟಿನಿಂದ ಥಯೋಸಲ್ಫೇಟ್ ದ್ರಾವಣ ತೊಟ್ಟು ತೊಟ್ಟಾಗಿ ಬಿಡುತ್ತಾ ಹೋದರೆ ಯಾವುದೋ ಒಂದು ತೊಟ್ಟಿಗೆ ಆ ನೀಲಿ ಫಕ್ಕನೆ ಮಾಯ. ತಕ್ಷಣ ನಿಲ್ಲಿಸಿ ಓದಬೇಕು. ಎಡಗಣ್ಣು ಮುಚ್ಚಿದೆ, ಎಲ್ಲ ಸರಿ. ಬಲಗಣ್ಣು ಮುಚ್ಚಿದೆ, ಮಂಜು. ನೋವಿಲ್ಲ, ಕೆಂಪೂ ಆಗಿಲ್ಲ.

ಮೊದಲು ಹೋದ ಕಡೆ ಕನ್ನಡಕದ ನಂಬರ್ ನೋಡಿ, "ಕಂಪ್ಯೂಟರ್ ಜಾಸ್ತಿ ನೋಡ್ತೀರಲ್ವಾ" ಅಂತ ಡ್ರಾಪ್ಸ್ ಕೊಟ್ಟು ಕಳಿಸಿದರು. ಪಾಪೆ ಅಗಲವಾಗುವ ಹನಿ ಹಾಕಿ ಒಳಗೆ ನೋಡಲೇ ಇಲ್ಲ. ಆರು ದಿನ ಹಾಗೇ ಹೋಯಿತು. ನನಗೆ ಈಗಲೂ ಅದರ ಸಿಟ್ಟಿದೆ.

ಆಮೇಲೆ ಸಿಕ್ಕ ರೆಟಿನಾ (ಕಣ್ಣಿನ ಒಳಪರದೆ) ಡಾಕ್ಟರು ಒಳಗೆ ನೋಡಿದವರೇ ಕೇಳಿದರು, "ಬಿಪಿ ಯಾವಾಗ ನೋಡಿಸಿದ್ರಿ?" ನೋಡಿಸಿಯೇ ಇರಲಿಲ್ಲ. 160/100 ಇತ್ತು. ರೆಟಿನಾದ ಮೇಲ್ಭಾಗದ ಒಂದು ಅಭಿಧಮನಿ ಕಟ್ಟಿಕೊಂಡಿತ್ತು. ಮೇಲೆ ಕಟ್ಟಿದರೆ ನೋಟದಲ್ಲಿ ಕೆಳಗಿನದು ಹೋಗುತ್ತದೆ. 50 ದಾಟಿದವರಲ್ಲಿ ಇದು ಹೆಚ್ಚು. ನನ್ನ 38ಕ್ಕೆ ಅಪರೂಪ ಅಂತ ರಕ್ತ ಹೆಪ್ಪುಗಟ್ಟುವ ಕಾಯಿಲೆಗಳ ಪರೀಕ್ಷೆಯನ್ನೂ, ಹೋಮೋಸಿಸ್ಟೀನ್ ಎಂಬ ಇನ್ನೊಂದು ರಕ್ತಪರೀಕ್ಷೆಯನ್ನೂ ಮಾಡಿಸಿದರು. ಅವೆಲ್ಲ ಸರಿ ಇದ್ದವು. ಕಣ್ಣೊಳಗೆ ಧಮನಿ, ಅಭಿಧಮನಿ ಅಡ್ಡ ಹಾಯುವ ಜಾಗದಲ್ಲಿ ಎರಡಕ್ಕೂ ಒಂದೇ ಹೊದಿಕೆ. ಬಿಪಿಯಿಂದ ಗಟ್ಟಿಯಾದ ಧಮನಿ ಮೆತ್ತಗಿನ ಅಭಿಧಮನಿಯನ್ನು ಅಮುಕುತ್ತದೆ. ವಾಪಸ್ ಹೋಗಬೇಕಾದ ರಕ್ತ ಹಿಂದೆ ನಿಂತು ಸೋರುತ್ತದೆ.

ಕಣ್ಣಿನ ರಕ್ತನಾಳಗಳ ಚಿತ್ರ ತೆಗೆಯುವ ಆಂಜಿಯೋಗ್ರಾಂ ದಿನ ಸಿಸ್ಟರ್ ಕೈಯಲ್ಲಿ ಕಿತ್ತಳೆ ಬಣ್ಣದ ಸಿರಿಂಜ್. ಏನದು ಅಂದೆ. ಫ್ಲೋರೆಸೀನ್ ಅಂದರು. ನನ್ನ ಮೈ ಜುಂ ಅಂದಿತು.

ಎರಡು ವರ್ಷದ ಹಿಂದೆ, ಕಡಲು ಸೇರುವ ಒಂದು ಮಳೆನೀರಿನ ತೋಡಿನ ಬಾಯಲ್ಲಿ ನಮಗೆ ಕೊಳಚೆಯ ಗುರುತಾದ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇಳಿಯುತ್ತಲೇ ಇರಲಿಲ್ಲ. ಜನ ಸ್ನಾನಕ್ಕಿಳಿಯುವ ಕಡಲಲ್ಲಿ 100 ಮಿಲಿಲೀಟರಿಗೆ ಮಲದ ಕೋಲಿಫಾರ್ಮ್ 100 ದಾಟಬಾರದು. ನಮಗೆ ಸಿಗುತ್ತಿದ್ದುದು ಸಾವಿರಗಟ್ಟಲೆ. ಹತ್ತಿರದ ಒಂದು ಕಟ್ಟಡದ ಕಕ್ಕಸಿಗೆ, ನೀರಲ್ಲಿ ತೆಳುವಾದರೆ ಹಸಿರಾಗುವ ಇದೇ ಬಣ್ಣ ಸುರಿದು ನೀರು ಬಿಟ್ಟೆವು. ನಾನು ಒಳಚರಂಡಿಯ ಮ್ಯಾನ್‌ಹೋಲ್ ಪಕ್ಕ ಕೂತೆ. ನಮ್ಮ ಲ್ಯಾಬಿನ ಹುಡುಗ ತೋಡಿನ ಬದಿಯಲ್ಲಿ. ನನ್ನ ಕಡೆ ಬಣ್ಣ ಬರಲೇ ಇಲ್ಲ. 14ನೇ ನಿಮಿಷಕ್ಕೆ ಫೋನ್. "ಅಕ್ಕಾ, ಇಲ್ಲಿ ಬಂತು! ಗಿಳಿಹಸಿರು!" ಅಗೆದು ನೋಡಿದರೆ ಮರದ ಬೇರು ಪೈಪಿನೊಳಗೆ ತುಂಬಿ, ಕಟ್ಟಿಕೊಂಡ ಕೊಳಚೆ ಹಿಂದಿನ ಸಂದಿಯಿಂದ ತೋಡಿಗೆ ಸೋರುತ್ತಿತ್ತು.

1877ರಲ್ಲಿ ಜರ್ಮನಿಯಲ್ಲಿ, ಡ್ಯಾನ್ಯೂಬ್ ನದಿ ನೆಲದೊಳಗೆ ಇಂಗುವ ಕಡೆ ಇದನ್ನೇ ಸುರಿದಿದ್ದರು. ಸುಮಾರು 60 ಗಂಟೆ ಕಳೆದ ಮೇಲೆ ಆಖ್ ನದಿಯ ಬುಗ್ಗೆ ಹಸಿರಾಯಿತು. ಕಣ್ಣಿನ ರಕ್ತನಾಳಗಳನ್ನು ಇದರಿಂದ ನೋಡುವ ದಾರಿ ತೋರಿಸಿದವರು ನೊವೊಟ್ನಿ, ಆಲ್ವಿಸ್ ಎಂಬ ಇಬ್ಬರು ಮೆಡಿಕಲ್ ವಿದ್ಯಾರ್ಥಿಗಳು, ಅಮೆರಿಕದ ಇಂಡಿಯಾನಾದಲ್ಲಿ, 1961ರಲ್ಲಿ.

ಕೈಯ ನಾಳಕ್ಕೆ ಚುಚ್ಚಿದ್ದು ಹತ್ತು ಹದಿನೈದು ಸೆಕೆಂಡಿಗೆ ಕಣ್ಣಿಗೆ ಬರುತ್ತದೆ. ನೀಲಿ ಬೆಳಕು ಪಟಪಟ ಮಿನುಗಿತು. ಹೊಟ್ಟೆ ತೊಳಸಿದ ಹಾಗಾಯಿತು. ಆಮೇಲೆ ಡಾಕ್ಟರು ಸ್ಕ್ರೀನ್ ತಿರುಗಿಸಿ ತೋರಿಸಿದರು. ಉಳಿದ ನಾಳಗಳೆಲ್ಲ ತುಂಬಿ ಬೆಳಗಿದರೂ ಆ ಒಂದು ಕವಲು ತಡವಾಗಿ ತುಂಬಿತ್ತು. ಅದರ ಸುತ್ತ ಬೆಳಕು ನಿಧಾನವಾಗಿ ಹರಡಿಕೊಂಡಿತ್ತು. ಸೋರಿಕೆ. ಅವರು ಹೇಳುವ ಮೊದಲೇ ನಾನು ಬೆರಳಿಟ್ಟೆ. ಆ ದಿನವಿಡೀ ಮೂತ್ರ ಕಡು ಹಳದಿ.

ಕಣ್ಣಿಗೆ ಮೂರು ಇಂಜೆಕ್ಷನ್ ಆಗಿವೆ. ಊದಿದ್ದ ರೆಟಿನಾದ ನಡುಭಾಗದ ದಪ್ಪ 480 ಮೈಕ್ರಾನಿನಿಂದ 310ಕ್ಕೆ ಇಳಿದಿದೆ. ಬಿಪಿ ಮಾತ್ರೆ ದಿನಾ ಇದೆ. ನೀವೂ ಇವತ್ತೇ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿ. ಎರಡೂ ತೆರೆದಿದ್ದರೆ ಒಳ್ಳೆಯ ಕಣ್ಣು ಇನ್ನೊಂದರ ಕೊರತೆಯನ್ನು ಮುಚ್ಚಿಬಿಡುತ್ತದೆ.

ಈಗ ನಾನು ಬ್ಯುರೆಟ್ ಓದಿದ ಮೇಲೆ ಹುಡುಗನೂ ಇನ್ನೊಮ್ಮೆ ಓದುತ್ತಾನೆ. ಹೋದ ವಾರ ಇಳಿತದ ಹೊತ್ತಿಗೆ ತೋಡಿನ ಬಾಯಿಂದ ನೀರು ತಂದಿದ್ದೆವು. ಲೀಟರಿಗೆ 5.8 ಮಿಲಿಗ್ರಾಂ ಆಮ್ಲಜನಕ. ಇಬ್ಬರಿಗೂ ಅಷ್ಟೇ ಬಂತು.