ತಳ ಸೇರಿದ ನಾಣ್ಯ

ಬೆಳಿಗ್ಗೆ ಮನೆಗೆ ವಾಪಸ್ ಬಂದು ಮೊದಲು ತೆಗೆದದ್ದು ಫ್ರೀಜರ್ ಬಾಗಿಲು.
ಐದು ರೂಪಾಯಿ ನಾಣ್ಯ ಲೋಟದ ತಳದಲ್ಲಿತ್ತು.

ಚಂಡಮಾರುತ ಬರುತ್ತೆ ಅಂತ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್ ಬಿಟ್ಟು ಹೊರಡುವ ಮುಂಚೆ ಕೆಳಮನೆಯ ಅಜ್ಜಿ ಹೇಳಿಕೊಟ್ಟ ಉಪಾಯ ಇದು. ಲೋಟದಲ್ಲಿ ನೀರು ಗಟ್ಟಿ ಮಾಡಿ ಮೇಲೊಂದು ನಾಣ್ಯ ಇಡಬೇಕು. ವಾಪಸ್ ಬಂದಾಗ ಅದು ಕೆಳಗಿಳಿದಿದ್ದರೆ, ಕರೆಂಟ್ ಹೋಗಿ ಎಲ್ಲಾ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಲೆಕ್ಕ. ಪರ್ಸಿನ ಮೂಲೆಯಲ್ಲಿ ಸಿಕ್ಕಿದ್ದು ಊರಿನ ನಾಣ್ಯ, ಅದನ್ನೇ ಇಟ್ಟಿದ್ದೆ.

2024ರ ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ಚಂಡಮಾರುತ ಸಿಯೆಸ್ಟಾ ಕೀ ಹತ್ತಿರ ದಡಕ್ಕೆ ಅಪ್ಪಳಿಸಿತು. ಫ್ಲಾರಿಡಾದಲ್ಲಿ 30 ಲಕ್ಷಕ್ಕೂ ಜಾಸ್ತಿ ಮನೆ, ಅಂಗಡಿಗಳಿಗೆ ಕರೆಂಟ್ ಇರಲಿಲ್ಲ. ನಮ್ಮದೇನು ದೊಡ್ಡ ಲೆಕ್ಕ ಬಿಡಿ.

ತೆಂಗಿನ ತುರಿ, ಅವರೆಕಾಳು, ಒಬ್ಬಟ್ಟಿನ ಹೂರಣ ಎಲ್ಲಾ ಕಸಕ್ಕೆ. ಹೂರಣ ಎಸೆಯುವಾಗ ಮಾತ್ರ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆ.

ಅಜ್ಜಿಗೆ ಈ ಲೆಕ್ಕವೂ ಇಲ್ಲ. ಅದಕ್ಕೂ ಎರಡು ವಾರ ಮುಂಚೆ ಹೆಲೀನ್ ಚಂಡಮಾರುತ ಬಂದಾಗಲೇ ಸಮುದ್ರದ ನೀರು ಅವರ ಅಡುಗೆಮನೆಗೆ ನುಗ್ಗಿತ್ತು. ಅವರ ಫ್ರಿಜ್ ಟೇಪ್ ಸುತ್ತಿಸಿಕೊಂಡು ಇನ್ನೂ ರಸ್ತೆ ಬದಿಯಲ್ಲೇ ನಿಂತಿತ್ತು, ನೆನೆದ ಹಾಸಿಗೆಗಳ ಪಕ್ಕ.

ನಾಣ್ಯ ಒಯ್ದು ತೋರಿಸಿದೆ. ಕನ್ನಡಕ ಏರಿಸಿಕೊಂಡು ತಿರುಗಿಸಿ ನೋಡಿದರು.
"ಇದರಲ್ಲಿ ಸಿಂಹ ಯಾಕಿದೆ?" ಅಂದರು.